ಎಂಟರಿಂದ ಹದಿನೆಂಟಕ್ಕೆ: ಹದಿಹರೆಯದ ಬಸಿರಿನ ಹಿಂದಿನ ಕಥೆ

ಕರ್ನಾಟಕದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 5.4 ಮಂದಿ ಆಗಲೇ ತಾಯಿಯಾಗಿದ್ದಾರೆ, ಇಲ್ಲವೇ ಬಸಿರಾಗಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 7.8 ಇತ್ತು. ಇಳಿದಿದೆ, ಒಳ್ಳೆಯದೇ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಸಾಲು ನೋಡಿ. 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಹಿಂದಿನ ಸಮೀಕ್ಷೆಯಲ್ಲಿ ನೂರಕ್ಕೆ 21.4, ಇದರಲ್ಲಿ 21.3. ಅಂದರೆ ಮದುವೆಯ ವಿಷಯದಲ್ಲಿ ಏನೂ ಬದಲಾಗಿಲ್ಲ. ನಮ್ಮಲ್ಲಿ ಹದಿಹರೆಯದ ಬಸಿರಿನ ದೊಡ್ಡ ಪಾಲು ಇರುವುದೂ ಮದುವೆಯ ಒಳಗೇ. ಹಾಗಾಗಿ ಇದರ ಇತಿಹಾಸ ಹುಡುಕಿದರೆ ಮೊದಲು ಸಿಗುವುದು ಮದುವೆಯ ಕಾನೂನು.

1890ರ ಸುಮಾರಿಗೆ ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಹುಡುಗಿಯ ಸಾವು ದೇಶವನ್ನೇ ಬೆಚ್ಚಿಸಿತು. ಅವಳಿಗೆ ಆಗ ಹನ್ನೊಂದರ ಆಸುಪಾಸು. ಸತ್ತದ್ದು ಗಂಡನ ಜೊತೆಗಿನ ಸಂಬಂಧದಿಂದ. 1860ರ ದಂಡ ಸಂಹಿತೆಯಲ್ಲಿ ಸಮ್ಮತಿಯ ವಯಸ್ಸು, ಅಂದರೆ ಲೈಂಗಿಕ ಸಂಬಂಧಕ್ಕೆ ಹುಡುಗಿಯ ಒಪ್ಪಿಗೆಯನ್ನು ಕಾನೂನು ಒಪ್ಪುವ ವಯಸ್ಸು, ಹತ್ತೇ ಇತ್ತು. 1891ರಲ್ಲಿ ಅದನ್ನು ಹನ್ನೆರಡಕ್ಕೆ ಏರಿಸಿದರು. ಅಷ್ಟಕ್ಕೇ ಭಾರಿ ವಿರೋಧ ಬಂತು. ಪರಕೀಯ ಸರ್ಕಾರ ನಮ್ಮ ಮನೆಯೊಳಗೆ ಕೈ ಹಾಕಬಾರದು ಅಂತ ಬಾಲಗಂಗಾಧರ ತಿಲಕರಂಥವರೂ ವಾದಿಸಿದರು.

ಮೈಸೂರು ಸಂಸ್ಥಾನ ಆಗಲೇ ಒಂದು ಹೆಜ್ಜೆ ಮುಂದಿಟ್ಟಿತು. 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ತಡೆಯಿತು. ಇಂದು ಓದಿದರೆ ಎದೆ ಝಲ್ ಅನ್ನುತ್ತದೆ, ಅಲ್ವಾ? ಎಂಟು! ಆದರೂ ಬ್ರಿಟಿಷ್ ಇಂಡಿಯಾದಲ್ಲಿ ಮದುವೆಯ ವಯಸ್ಸಿಗೆ ಕಾನೂನು ಬರಲು ಇನ್ನೂ 35 ವರ್ಷ ಬೇಕಾಯಿತು. 1929ರ ಶಾರದಾ ಕಾಯ್ದೆ ಹುಡುಗಿಗೆ ಹದಿನಾಲ್ಕು ಅಂತ ಗೊತ್ತುಮಾಡಿತು. 1949ರಲ್ಲಿ ಅದು ಹದಿನೈದಾಯಿತು, 1978ರಲ್ಲಿ ಹದಿನೆಂಟು.

ಇಲ್ಲೊಂದು ದೊಡ್ಡ ಬಿರುಕು ಉಳಿದುಬಿಟ್ಟಿತು. ಮದುವೆಗೆ ಹದಿನೆಂಟು ಬೇಕು ಅಂತ ಒಂದು ಕಾಯ್ದೆ ಹೇಳಿತು. ಹೆಂಡತಿಗೆ ಹದಿನೈದು ತುಂಬಿದ್ದರೆ ಗಂಡ ಬಲವಂತ ಮಾಡಿದರೂ ಅತ್ಯಾಚಾರವಲ್ಲ ಅಂತ ದಂಡ ಸಂಹಿತೆ ಹೇಳುತ್ತಲೇ ಇತ್ತು. 18ರೊಳಗಿನವರ ಜೊತೆಗಿನ ಲೈಂಗಿಕ ಸಂಬಂಧವನ್ನು ಅಪರಾಧ ಅನ್ನುವ 2012ರ ಪೋಕ್ಸೊ ಕಾಯ್ದೆ ಬಂದ ಮೇಲೂ ಈ ವಿನಾಯಿತಿ ಪುಸ್ತಕದಲ್ಲಿ ಉಳಿದಿತ್ತು. 18ರೊಳಗಿನ ಹೆಂಡತಿಯರ ಮಟ್ಟಿಗೆ ಅದನ್ನು ತೆಗೆದುಹಾಕಿದ್ದು 2017ರ ಅಕ್ಟೋಬರ್‌ನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ಆ ತೀರ್ಪು ಕರ್ನಾಟಕವನ್ನು ವಿಶೇಷವಾಗಿ ಮೆಚ್ಚಿತ್ತು. ನಮ್ಮ ರಾಜ್ಯ ತಿದ್ದುಪಡಿ ತಂದು, ಬಾಲ್ಯವಿವಾಹ ನಡೆದರೂ ಅದು ಮೊದಲಿಂದಲೇ ಅಸಿಂಧು ಅಂತ ಮಾಡಿತ್ತು. ಅದಕ್ಕೆ ದಾರಿ ಮಾಡಿದ್ದು 2011ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ.

ಇಷ್ಟೆಲ್ಲ ಆದರೂ ಹಳ್ಳಿಗಳಲ್ಲಿ ಮದುವೆ ಯಾಕೆ ನಿಲ್ಲುತ್ತಿಲ್ಲ? ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಇದು ಜಾಸ್ತಿ, ಕರಾವಳಿಯಲ್ಲಿ ಕಡಿಮೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಕಾಲೇಜು ದೂರ, ಬಸ್ಸು ಇಲ್ಲ. ಅಪ್ಪ ಅಮ್ಮ ದುಡಿಯಲು ಗುಳೆ ಹೋಗುತ್ತಾರೆ. ದೊಡ್ಡವಳಾದ ಮಗಳನ್ನು ಮನೆಯಲ್ಲಿ ಬಿಟ್ಟು ಹೋಗುವುದೆಂದರೆ ಸೆರಗಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಅವಳು ಯಾರನ್ನಾದರೂ ಇಷ್ಟಪಟ್ಟಾಳು ಅನ್ನುವ ಭಯ, ಜಾತಿ ಮೀರಿಯಾಳು ಅನ್ನುವ ಭಯ. ಈ ಭಯಕ್ಕೆ ಕಾನೂನಿನಲ್ಲಿ ಔಷಧಿ ಇಲ್ಲ.

ಮೈಗೆ ಆಗುವ ಪೆಟ್ಟು ಮಾತ್ರ ಸ್ಪಷ್ಟ. ಹದಿನಾರರ ಹುಡುಗಿ ಇನ್ನೂ ಬೆಳೆಯುತ್ತಿರುತ್ತಾಳೆ. ರಾಜ್ಯದ ಈ ವಯಸ್ಸಿನ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅದರ ಮೇಲೆ ಬಸಿರು. ರಕ್ತದೊತ್ತಡ ಏರಿ ಫಿಟ್ಸ್ ಬರುವ ಅಪಾಯ, ಹೆರಿಗೆಯ ನಂತರದ ನಂಜು, ದಿನ ತುಂಬದೆ ಹುಟ್ಟುವ ಕೂಸು, ಕಡಿಮೆ ತೂಕದ ಕೂಸು, ಇವೆಲ್ಲ ಇಪ್ಪತ್ತು ದಾಟಿದ ತಾಯಂದಿರಿಗಿಂತ ಇವರಲ್ಲಿ ಜಾಸ್ತಿ. ಇದರಲ್ಲಿ ಬಹಳಷ್ಟನ್ನು ಮೊದಲ ತಿಂಗಳುಗಳಿಂದಲೇ ತಪಾಸಣೆ ಮಾಡಿಸಿ, ಕಬ್ಬಿಣಾಂಶದ ಮಾತ್ರೆ ಕೊಟ್ಟು, ಬಿಪಿ ನೋಡುತ್ತಾ ತಡೆಯಬಹುದು. ಅದಕ್ಕೆ ಹುಡುಗಿ ಆಸ್ಪತ್ರೆಗೆ ಬರಬೇಕು. ಈಗಿನ ಕಷ್ಟ ಇರುವುದೇ ಇಲ್ಲಿ.

ಪೋಕ್ಸೊ ಪ್ರಕಾರ 18ರೊಳಗಿನ ಹುಡುಗಿ ಬಸಿರಾಗಿದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಡಾಕ್ಟರಿಗೂ ಶಿಕ್ಷೆ ಆಗಬಹುದು. ಮಕ್ಕಳ ಮೇಲೆ ದೌರ್ಜನ್ಯ ಎಸಗುವವರನ್ನು ಹಿಡಿಯಲು ಈ ನಿಯಮ ಬೇಕೇ ಬೇಕು. ಮನೆಯವರೇ, ನೆಂಟರೇ ಕೆಡಿಸಿದ ಎಷ್ಟೋ ಪ್ರಕರಣಗಳು ಬಯಲಾಗಿದ್ದೇ ಆಸ್ಪತ್ರೆಯಲ್ಲಿ. ಆದರೆ ಮದುವೆ ಮಾಡಿಸಿದ ಮನೆಯವರಿಗೂ, ಪ್ರೀತಿಸಿ ಓಡಿಹೋದ ಜೋಡಿಗೂ ಆಸ್ಪತ್ರೆ ಅಂದರೆ ಪೊಲೀಸ್ ಅಂತಲೇ ಅರ್ಥ. "ವಯಸ್ಸೆಷ್ಟಮ್ಮ?" ಅಂತ ಆಶಾ ಕಾರ್ಯಕರ್ತೆ ಕೇಳಿದರೆ, "ಹತ್ತೊಂಬತ್ತು ಅಕ್ಕಾ" ಅನ್ನುತ್ತಾರೆ. ತಾಯಿ ಕಾರ್ಡ್ ಮಾಡಿಸುವುದನ್ನೇ ಮುಂದೂಡುತ್ತಾರೆ. ಗರ್ಭ ತೆಗೆಸಲು ಕದ್ದುಮುಚ್ಚಿ ಮಾತ್ರೆ ನುಂಗಿ ರಕ್ತಸ್ರಾವ ಆದಾಗ ಮಾತ್ರ ಓಡಿಬರುತ್ತಾರೆ. ರಕ್ಷಣೆಗೆಂದು ಮಾಡಿದ ನಿಯಮ ಹುಡುಗಿಯನ್ನು ಚಿಕಿತ್ಸೆಯಿಂದ ದೂರ ಇಡುತ್ತಿದೆ ಅಂದರೆ ಅದನ್ನು ನಾವು ಗಟ್ಟಿಯಾಗಿ ಹೇಳಬೇಕು.

ಈ ಬಿಕ್ಕಟ್ಟು ನ್ಯಾಯಾಲಯಗಳಿಗೂ ಕಂಡಿದೆ. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಸಮ್ಮತಿಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸಬೇಕು ಎಂದೂ ಹೇಳಿತು. 2023ರಲ್ಲಿ ಆಯೋಗ ವಯಸ್ಸು ಇಳಿಸುವುದು ಬೇಡ ಅಂದಿತು. ವಯಸ್ಸು ಇಳಿಸುವುದಕ್ಕಿಂತ ಮಕ್ಕಳಿಗೆ ವಿಷಯ ತಿಳಿಸುವುದು ಹೆಚ್ಚು ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ನಾವು ಸೋತಿರುವುದೂ ಅಲ್ಲೇ. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿದ ಮೈಸೂರಿನ ವಾರಸುದಾರರು ನಾವು. 2007ರಲ್ಲಿ ಅದೇ ನಾಡು ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂದ ರಾಜ್ಯಗಳ ಸಾಲಿಗೆ ಸೇರಿತು. ಮುಟ್ಟು ಯಾಕೆ ನಿಂತಿತು ಅಂತ ಗೊತ್ತಾಗದೆ ಐದಾರು ತಿಂಗಳು ಕಳೆಯುವ ಹುಡುಗಿಯರು ಇವತ್ತಿಗೂ ಇದ್ದಾರೆ. ಅವರಿಗೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ.

ಸಮಯ ತಪ್ಪಿದರೆ ದಾರಿಗಳೂ ಮುಚ್ಚುತ್ತವೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಗಿ, ಅಪ್ರಾಪ್ತೆಯರಿಗೆ 24 ವಾರದವರೆಗೆ ಅವಕಾಶ ಸಿಕ್ಕಿದೆ. ಪೋಷಕರ ಒಪ್ಪಿಗೆ ಬೇಕು. 20 ವಾರ ದಾಟಿದರೆ ಇಬ್ಬರು ಡಾಕ್ಟರು ಒಪ್ಪಬೇಕು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿದೆ. ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ವರದಿಯಲ್ಲಿ ಡಾಕ್ಟರು ಅವಳ ಹೆಸರು, ಗುರುತು ಬರೆಯಬೇಕಿಲ್ಲ. ಆಶಾ ಅಕ್ಕಂದಿರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ತಾಯಂದಿರಿಗೆ ಈ ವಿಷಯ ಗೊತ್ತಿರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆಯೇ ಅಂತ ವಿಚಾರಿಸಿ. ಹುಡುಗಿಗೆ ಮನೆಯಲ್ಲೇ ಅಪಾಯ ಇದ್ದರೆ, ಅಥವಾ ಅವಳ ಮದುವೆ ನಿಶ್ಚಯವಾಗಿದೆ ಅಂತ ಸುಳಿವು ಸಿಕ್ಕಿದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮುಟ್ಟು ತಪ್ಪಿದೆ ಅಂತ ಹುಡುಗಿ ಹೇಳಿದ ದಿನವೇ ಬೈಯದೆ ಜೊತೆಗೆ ಹೋಗಿ ಪರೀಕ್ಷೆ ಮಾಡಿಸಿ.