ಏರಿನಲ್ಲಿ ಸೋನಿಕ್ ಯಾಕೆ ನಿಧಾನ?

ಹುಬ್ಬಳ್ಳಿಯ ಉಣಕಲ್ ಕೆರೆಯ ಹತ್ತಿರ ಸೈಕಲ್ ತುಳಿಯುವುದು ಸಲೀಸು. ನೃಪತುಂಗ ಬೆಟ್ಟದ ಏರಿಗೆ ತಿರುಗಿದಿರೋ, ತೊಡೆಗಳಿಗೆ ಗೊತ್ತಾಗುತ್ತದೆ. ಭೂಮಿಯ ಎಳೆತದ ಒಂದು ಪಾಲು ರಸ್ತೆಗುಂಟ ಹಿಂದಕ್ಕೆ ಜಗ್ಗುತ್ತಿರುತ್ತದೆ. ಎಷ್ಟು ಪಾಲು ಅನ್ನುವುದನ್ನು ಏರಿನ ಕೋನದ ಸೈನ್ (ತ್ರಿಕೋನಮಿತಿಯ ಒಂದು ಅನುಪಾತ) ಹೇಳುತ್ತದೆ. 30 ಡಿಗ್ರಿಯಾದರೆ ಸರಿಯಾಗಿ ಅರ್ಧ.

ವಿಡಿಯೋ ಗೇಮಿನೊಳಗೆ ಭೂಮಿಯೇ ಇಲ್ಲ. ಅಲ್ಲಿನ ಎಳೆತವನ್ನು ಯಾರಾದರೂ ಕೂತು ಬರೆಯಬೇಕು. ಬರೆಯದಿದ್ದರೆ ಏನಾಗುತ್ತದೆ ನೋಡಿ. ಪಾತ್ರವನ್ನು ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಚಿತ್ರ ಬದಲಾದಾಗಲೆಲ್ಲ, 4 ಪಿಕ್ಸೆಲ್ (ಪರದೆಯ ಚುಕ್ಕೆ) ಮುಂದೆ ಸರಿಸಿ, ನೆಲ ಎಲ್ಲಿದೆಯೋ ಅಲ್ಲಿಗೆ ಎತ್ತಿ ನಿಲ್ಲಿಸುತ್ತೀರಿ ಎನ್ನೋಣ. 45 ಡಿಗ್ರಿ ಏರಿನಲ್ಲಿ ಅದು 4 ಮುಂದೆ, 4 ಮೇಲೆ ಹೋಗುತ್ತದೆ. ಸಾಗಿದ ದೂರ ಸುಮಾರು 5.66 ಪಿಕ್ಸೆಲ್. ಅಂದರೆ ಗುಡ್ಡ ಹತ್ತುವಾಗ ಶೇ. 41ರಷ್ಟು ಜಾಸ್ತಿ ವೇಗ! ಕಣ್ಣಿಗೆ ಇದು ತಕ್ಷಣ ಸುಳ್ಳು ಅನಿಸುತ್ತದೆ.

1991ರಲ್ಲಿ ಸೆಗಾ ಹೊರತಂದ ಸೋನಿಕ್ ಗೇಮ್ ಇದನ್ನು ಎಷ್ಟು ಚೆಂದ ಬಿಡಿಸಿದೆ! ಅದರಲ್ಲಿ ಓಡುವ ಪಾತ್ರವಾದ ಸೋನಿಕ್ ನೆಲದ ಮೇಲಿರುವಾಗ ವೇಗ ಒಂದೇ ಸಂಖ್ಯೆ, ಅದನ್ನು ಅಳೆಯುವುದು ನೆಲದಗುಂಟ. ಆಮೇಲೆ ಕೊಸೈನ್‌ನಿಂದ ಅಡ್ಡ ಚಲನೆ, ಸೈನ್‌ನಿಂದ ಮೇಲಿನ ಚಲನೆ ಸಿಗುತ್ತದೆ. ಏರಿನಲ್ಲಿ ಓಡುವಾಗ ಪ್ರತಿ ಫ್ರೇಮಿಗೂ ಆ ವೇಗದಿಂದ 0.125 ಗುಣಿಸು ಏರಿನ ಕೋನದ ಸೈನ್‌ನಷ್ಟು ಕಳೆಯುತ್ತಾರೆ. ಇಳಿಜಾರಿನಲ್ಲಿ ಅಷ್ಟನ್ನೇ ಕೂಡಿಸುತ್ತಾರೆ.

ಬಟನ್ ಒತ್ತಿ ಹಿಡಿದರೆ ಸೋನಿಕ್‌ಗೆ ಫ್ರೇಮಿಗೆ ಸಿಗುವ ಹೆಚ್ಚುವರಿ ವೇಗ ಸುಮಾರು 0.047 ಮಾತ್ರ. 45 ಡಿಗ್ರಿ ಏರು ಕಸಿದುಕೊಳ್ಳುವುದು 0.088. ಲೆಕ್ಕ ಹಾಕಿದರೆ ಸುಮಾರು 22 ಡಿಗ್ರಿಗೆ ಎರಡೂ ಸಮ. ಅದಕ್ಕಿಂತ ಕಡಿದಾದ ಏರಿನಲ್ಲಿ ಎಷ್ಟು ಒತ್ತಿ ಹಿಡಿದರೂ ವೇಗ ಇಳಿಯುತ್ತಲೇ ಹೋಗುತ್ತದೆ. ಸುಮ್ನೆ ನಿಂತಲ್ಲಿಂದ ಹೊರಟರೆ ದೊಡ್ಡ ಏರು ದಾಟಲು ಆಗುವುದಿಲ್ಲ. ದೂರದಿಂದ ಓಡಿ ಬರಲೇಬೇಕು. ಈ ಗೇಮಿನ ಇಡೀ ರುಚಿ ಇರುವುದೇ ಇಲ್ಲಿ ಅಂತ ನನ್ನ ನಂಬಿಕೆ.

ಚೆಂಡಿನಂತೆ ಮುದುಡಿ ಉರುಳುವಾಗ ಮಾತ್ರ ಭೌತಶಾಸ್ತ್ರವನ್ನು ಬೇಕೆಂದೇ ಮುರಿದಿದ್ದಾರೆ. ಘರ್ಷಣೆ ಬಿಟ್ಟರೆ ನಿಜವಾದ ಚೆಂಡಿಗೆ ಏರು ಎಷ್ಟು ಕಸಿಯುತ್ತದೋ ಇಳಿಜಾರು ಅಷ್ಟೇ ಕೊಡುತ್ತದೆ. ಸೋನಿಕ್‌ಗೆ ಆ 0.125ರ ಬದಲು ಹತ್ತುವಾಗ 0.078, ಇಳಿಯುವಾಗ 0.3125. ನಾಲ್ಕು ಪಟ್ಟು! ಆಡುವವರಿಗೆ ಖುಷಿ ಸಿಗಲಿ ಅಂತಲೇ ಹೀಗೆ, ಅಲ್ವಾ? ಗೇಮ್ ಬರೆಯಲು ಕಲಿಯುತ್ತಿರುವ ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರು ಈ ಎರಡು ಸಂಖ್ಯೆಗಳನ್ನು ಒಮ್ಮೆ ಸಮ ಮಾಡಿ ಆಡಿ ನೋಡಬೇಕು. ಒಂದೇ ಗುಡ್ಡ ಎಷ್ಟು ಬೇರೆಯಾಗುತ್ತದೆ ಎಂದು ಬೆರಳಿಗೇ ತಿಳಿಯುತ್ತದೆ.