ಲಾಕಪ್‌ನಲ್ಲಿ ಓಡುವ ಎರಡು ಗಡಿಯಾರ

ಮೂಡಿಗೆರೆಯಲ್ಲೋ ಕೊಪ್ಪದಲ್ಲೋ ಯಾರನ್ನಾದರೂ ಪೊಲೀಸರು ಬಂಧಿಸಿದರೆ ಮನೆಯವರು ಮೊದಲು ಕೇಳುವುದು, ಜಾಮೀನು ಯಾವಾಗ ಸಿಗುತ್ತೆ ಅಂತ. ಆ ಮನುಷ್ಯ ದಿನಾ ಕುಡಿಯುವವನಾಗಿದ್ದರೆ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕು: ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ?

ಕಾನೂನಿನ ಲೆಕ್ಕ ಸರಳ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ದಾರಿಗೆ ಹಿಡಿಯುವ ಸಮಯ ಮಾತ್ರ ಆ ಲೆಕ್ಕಕ್ಕಿಲ್ಲ. ಭಾನುವಾರ, ಹಬ್ಬ ಅನ್ನುವ ನೆಪ ನಡೆಯುವುದಿಲ್ಲ. ಬಂಧನಕ್ಕೆ ಕಾರಣ ಹೇಳಬೇಕು, ಮನೆಗೆ ಸುದ್ದಿ ಮುಟ್ಟಿಸಬೇಕು, ಡಾಕ್ಟರ ಹತ್ತಿರ ತಪಾಸಣೆ ಮಾಡಿಸಬೇಕು. ಆಮೇಲೆ ಜಾಮೀನೋ, ಪೊಲೀಸ್ ಕಸ್ಟಡಿಯೋ, ನ್ಯಾಯಾಂಗ ಬಂಧನವೋ. ಕೊನೆಯದೆಂದರೆ ಜೈಲು.

ಮೈ ಈ ಲೆಕ್ಕಕ್ಕೆ ಕಾಯುವುದಿಲ್ಲ. ಕುಡಿತ ನಿಂತ ಆರೇಳು ಗಂಟೆಗೇ ಕೈ ನಡುಗಲು ಶುರುವಾಗಬಹುದು. ಬೆವರು, ವಾಕರಿಕೆ, ನಿದ್ದೆಯಿಲ್ಲ. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ಮಧ್ಯೆ ಇನ್ನೂ ದೊಡ್ಡ ಅಪಾಯ: ಡೆಲಿರಿಯಂ ಟ್ರೆಮೆನ್ಸ್. ಜ್ವರ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಗೋಡೆ ಮೇಲೆ ಇಲ್ಲದ ಹುಳ ಹರಿದಾಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಅಷ್ಟು ಹೊತ್ತಿಗೆ ಆತ ಠಾಣೆ ದಾಟಿ ಜೈಲಿಗೆ ಬಂದಿರುತ್ತಾನೆ. ಅಲ್ಲಿ ಅವನ ಕುಡಿತದ ಬಗ್ಗೆ ಯಾರಿಗೂ ಗೊತ್ತಿರುವುದಿಲ್ಲ.

ಹೀಗೇಕಾಗುತ್ತದೆ? ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬ್ರೇಕು, ಗ್ಲುಟಮೇಟ್ ಆಕ್ಸಿಲರೇಟರು. ಹೆಂಡ ಬ್ರೇಕನ್ನೇ ಒತ್ತುತ್ತಿರುತ್ತದೆ. ಅದು ವರ್ಷಗಟ್ಟಲೆ ನಡೆದರೆ ಮಿದುಳು ತನ್ನ ಬ್ರೇಕನ್ನು ಸಡಿಲ ಮಾಡಿಕೊಂಡು ಆಕ್ಸಿಲರೇಟರನ್ನು ಜಾಸ್ತಿ ತುಳಿಯುವುದಕ್ಕೆ ಒಗ್ಗಿಬಿಡುತ್ತದೆ. ಲಾಕಪ್‌ನಲ್ಲಿ ಹೆಂಡ ಒಮ್ಮೆಲೇ ನಿಂತಾಗ ಮಿದುಳು ಚಾರ್ಮಾಡಿ ಇಳಿಜಾರಿನಲ್ಲಿ ಬ್ರೇಕ್ ಫೇಲಾದ ಲಾರಿ.

ಹೊರಗಿನಿಂದ ನೋಡಿದವರಿಗೆ ಇದು ನಾಟಕ. 'ಹೊರಗೆ ಹೋಗಕ್ಕೆ ಆಟ ಆಡ್ತಿದಾನೆ' ಅನ್ನುತ್ತಾರೆ. ಇಲ್ಲವೇ ದೆವ್ವ ಮೆಟ್ಟಿದೆ ಅನ್ನುತ್ತಾರೆ. ನನಗೆ ಎರಡನೆಯದಕ್ಕಿಂತ ಮೊದಲನೆಯ ಮಾತೇ ಹೆಚ್ಚು ಅಪಾಯದ್ದು ಅನ್ನಿಸುತ್ತದೆ. ದೆವ್ವ ಅಂದವರು ಹತ್ತಿರ ಹೋಗಿ ನೋಡುತ್ತಾರಾದರೂ!

ಕಾಫಿ ಸೀಮೆಯವರಿಗೆ ಸಣ್ಣ ಮಾತೊಂದು. ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುವವರಿಗೆ ಅದು ನಿಂತ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯುತ್ತದೆ. ಹಿಂಸೆ ಹೌದು, ಜೀವಕ್ಕೇನೂ ತೊಂದರೆಯಿಲ್ಲ.

ಕುಡಿತದ ವಿಷಯ ತಪಾಸಣೆಯಲ್ಲೇ ಗೊತ್ತಾಗಬೇಕು, ಅಲ್ವಾ? ಆದರೆ ಪಕ್ಕದಲ್ಲಿ ಪೊಲೀಸ್ ನಿಂತಿರುವಾಗ ಡಾಕ್ಟರು 'ಏನಾದ್ರೂ ತೊಂದ್ರೆ ಇದೆಯಾ?' ಅಂದರೆ ಉತ್ತರ 'ಇಲ್ಲ ಸಾರ್' ಅಂತಲೇ. ಗಾಯ ಕಣ್ಣಿಗೆ ಬೀಳುತ್ತದೆ, ಕುಡಿತದ ಚಟ ಬೀಳುವುದಿಲ್ಲ. ಹಾಗಾಗಿ ಮನೆಯವರು ನಾಚಿಕೆ ಬಿಟ್ಟು ಹೇಳಬೇಕು. ಎಷ್ಟು ಕುಡಿಯುತ್ತಾನೆ, ಹಿಂದೆ ಫಿಟ್ಸ್ ಬಂದಿತ್ತಾ, ಸಕ್ಕರೆ, ಬಿಪಿ ಮಾತ್ರೆ ಯಾವುದು, ಎಲ್ಲವನ್ನೂ ಚೀಟಿಯಲ್ಲಿ ಬರೆದು ಠಾಣೆಯಲ್ಲೂ ಜೈಲಿನಲ್ಲೂ ಕೊಡಿ. ವಕೀಲರ ಮೂಲಕ ಮ್ಯಾಜಿಸ್ಟ್ರೇಟರಿಗೂ ತಿಳಿಸಿ. ಡಯಾಜೆಪಾಮ್ ಥರದ ಔಷಧಿಯನ್ನು ಡಾಕ್ಟರು ಹೊತ್ತಿಗೆ ಸರಿಯಾಗಿ ಕೊಟ್ಟರೆ ಮಿದುಳಿಗೆ ಬ್ರೇಕು ಮರಳುತ್ತದೆ. ಬಿ1 ವಿಟಮಿನ್ ಕೂಡ ಕೊಡುತ್ತಾರೆ, ಯಾಕೆಂದರೆ ವಿಪರೀತ ಕುಡಿಯುವವರ ಮೈಯಲ್ಲಿ ಅದು ಬರಿದಾಗಿರುವುದೇ ಜಾಸ್ತಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಬಹುದು. ಬಂಧನದಲ್ಲಿರುವ ಯಾರಿಗೇ ಆಗಲಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಪುಕ್ಕಟೆ ಸಿಗುತ್ತಾರೆ.