ಎಲ್ಲ ಪಾಸ್, ಆದರೂ ಮೇಲ್ ಸ್ಪ್ಯಾಮ್‌ನಲ್ಲಿ

ಪ್ರತಿ ಇಮೇಲ್‌ಗೂ ಕಳುಹಿಸಿದವರ ವಿಳಾಸ ಎರಡಿರುತ್ತವೆ. ಓದುವವರಿಗೆ ಕಾಣುವುದು ‘ಫ್ರಮ್’ ಸಾಲಿನದು. ಇನ್ನೊಂದು ಲಕೋಟೆಯ ಮೇಲಿನದು, ‘ರಿಟರ್ನ್ ಪಾತ್’. ಬೌನ್ಸ್ ಆದ ಮೇಲ್ ಹಿಂದಿರುಗುವುದು ಅಲ್ಲಿಗೆ. 1982ರಲ್ಲಿ ರೂಪುಗೊಂಡ ಎಸ್‌ಎಂಟಿಪಿ (ಮೇಲ್ ಸಾಗಿಸುವ ನಿಯಮಾವಳಿ) ಇವೆರಡನ್ನೂ ಹೇಳಿದಂತೆಯೇ ನಂಬಿಬಿಡುತ್ತಿತ್ತು. ಬೇರೆಯವರ ಹೆಸರಲ್ಲಿ ಮೇಲ್ ಕಳಿಸುವ ಇಂದಿನ ತಲೆನೋವಿನ ಬೇರು ಅಲ್ಲೇ ಇದೆ. ಅದನ್ನು ತಡೆಯಲು ಬಂದ ಮೂರು ಪರೀಕ್ಷೆಗಳೇ ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್.

ಎಸ್‌ಪಿಎಫ್ ಪರೀಕ್ಷಿಸುವುದು ಲಕೋಟೆಯ ವಿಳಾಸವನ್ನು. ಈ ಡೊಮೇನಿನ (ವಿಳಾಸದಲ್ಲಿ @ ನಂತರದ ಹೆಸರು) ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿಯನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನುಗಳ ಸಾರ್ವಜನಿಕ ಮಾಹಿತಿಕೋಶದಲ್ಲಿ, ಟಿಎಕ್ಸ್‌ಟಿ (ಪಠ್ಯ) ದಾಖಲೆಯಾಗಿ ಹಾಕುತ್ತೇವೆ. ಡೊಮೇನಿಗೆ ಇಂಥ ದಾಖಲೆ ಒಂದೇ ಇರಬೇಕು. ಮೇಲ್ ಕಳಿಸುವ ಹೊಸ ಸೇವೆ ಕೊಂಡಾಗ ಅವರು ಕೊಟ್ಟ ಸಾಲನ್ನು ಎರಡನೇ ದಾಖಲೆಯಾಗಿ ಅಂಟಿಸಿದರೆ ಎರಡೂ ಕೆಡುತ್ತವೆ; ಆ ಸೇವೆಯ ಪಟ್ಟಿಯನ್ನೂ ಒಳಗೊಳ್ಳುವ ‘ಇನ್‌ಕ್ಲೂಡ್’ ಅನ್ನು ಹಳೆಯದರೊಳಗೇ ಸೇರಿಸಬೇಕು. ಒಂದು ಎಸ್‌ಪಿಎಫ್ ಪರೀಕ್ಷೆಯಲ್ಲಿ ಡಿಎನ್‌ಎಸ್ ವಿಚಾರಣೆಗಳ ಮಿತಿ 10. ಇನ್‌ಕ್ಲೂಡ್‌ನೊಳಗಿನ ಇನ್‌ಕ್ಲೂಡ್‌ಗಳೂ ಲೆಕ್ಕಕ್ಕೆ ಬರುವುದರಿಂದ ನಾಲ್ಕೈದು ಸೇವೆಗಳಲ್ಲೇ ಮಿತಿ ದಾಟುವುದುಂಟು. ನೇರವಾಗಿ ಬರೆದ ಐಪಿ ವಿಳಾಸಕ್ಕೆ ಈ ಲೆಕ್ಕವಿಲ್ಲ.

ಫಾರ್ವರ್ಡ್ ಆದ ಮೇಲ್ ಬೇರೆ ಸರ್ವರ್‌ನಿಂದ ಬರುವುದರಿಂದ ಎಸ್‌ಪಿಎಫ್ ಸಾಮಾನ್ಯವಾಗಿ ಅಲ್ಲಿ ಸೋಲುತ್ತದೆ. ಡಿಕಿಮ್ ಬೇಕಾಗುವುದು ಆಗ. ಅದು ಮೇಲ್‌ಗೇ ಹಾಕುವ ಸಹಿ. ಖಾಸಗಿ ಕೀಲಿ ಸರ್ವರ್‌ನಲ್ಲಿ, ಸಾರ್ವಜನಿಕ ಕೀಲಿ ಡಿಎನ್‌ಎಸ್‌ನಲ್ಲಿ. ಆದರೆ ದಾರಿಯಲ್ಲಿ ಯಾರಾದರೂ ಮೇಲ್‌ನ ತಳಕ್ಕೆ ಒಂದು ಸಾಲು ಅಂಟಿಸಿದರೆ ಸಹಿ ಮುರಿಯುತ್ತದೆ. ಕೀಲಿ 2048 ಬಿಟ್‌ನದಿರಲಿ. ಆದರೆ ಟಿಎಕ್ಸ್‌ಟಿಯ ಒಂದು ತುಂಡಿನಲ್ಲಿ 255 ಅಕ್ಷರಗಳಷ್ಟೇ ಹಿಡಿಯುವುದರಿಂದ ಅದನ್ನು ಉದ್ಧರಣ ಚಿಹ್ನೆಗಳೊಳಗಿನ ಎರಡು ತುಂಡುಗಳಾಗಿ ಒಡೆಯಬೇಕು. ದಾಖಲೆ ತುಂಬುವ ಡಿಎನ್‌ಎಸ್ ಪ್ಯಾನೆಲ್ ಸದ್ದಿಲ್ಲದೆ ಬಾಲ ಕತ್ತರಿಸಿದ್ದರೆ ಸಹಿ ಎಂದಿಗೂ ತಾಳೆಯಾಗದು.

ಇಷ್ಟಾದರೂ ಸಾಲದು. ಸುದ್ದಿಪತ್ರ ಕಳಿಸುವ ಸೇವೆಯೊಂದು ತನ್ನದೇ ರಿಟರ್ನ್ ಪಾತ್ ಬಳಸಿ, ತನ್ನದೇ ಡೊಮೇನಿನ ಸಹಿ ಹಾಕಿತು ಎನ್ನಿ. ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಡಿಮಾರ್ಕ್ ಫೇಲ್! ಏಕೆಂದರೆ ಪಾಸಾದ ಡೊಮೇನ್ ಫ್ರಮ್ ಸಾಲಿನದಾಗಿರಬೇಕು ಎಂಬುದೇ ಡಿಮಾರ್ಕ್‌ನ ಹಟ. ಎರಡರಲ್ಲಿ ಒಂದು ಹೊಂದಿದರೆ ಸಾಕು. ಸೇವೆಯವರು ಕೊಡುವ ಸಿನೇಮ್ (ಒಂದು ಹೆಸರಿನಿಂದ ಇನ್ನೊಂದಕ್ಕೆ ದಾರಿ ತೋರಿಸುವ) ದಾಖಲೆಗಳನ್ನು ಡಿಎನ್‌ಎಸ್‌ಗೆ ಸೇರಿಸಿದರೆ ಸಹಿ ನಮ್ಮ ಡೊಮೇನಿನ ಹೆಸರಲ್ಲೇ ಬೀಳುತ್ತದೆ. ಬಹುತೇಕರು ಬಿಟ್ಟುಬಿಡುವ ಹೆಜ್ಜೆ ಇದೇ.

ಫೇಲಾದ ಮೇಲ್‌ಗೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ನೀತಿಯನ್ನು ಮೊದಲು ‘ನನ್’ (ಏನೂ ಮಾಡಬೇಡ) ಎಂದಿಟ್ಟು, ವರದಿ ಬರಲು ಒಂದು ವಿಳಾಸ ಕೊಡಿ. ವೆಬ್‌ಸೈಟಿನ ಫಾರ್ಮು, ಬಿಲ್ಲಿಂಗ್ ತಂತ್ರಾಂಶ, ಮೂಲೆಯ ಸ್ಕ್ಯಾನರ್: ಮರೆತೇಹೋಗಿದ್ದ ಕಳುಹಿಸುವವರೆಲ್ಲ ಕೆಲವು ವಾರಗಳ ವರದಿಯಲ್ಲಿ ಸಿಕ್ಕಿಬೀಳುತ್ತಾರೆ. ಅವರನ್ನೆಲ್ಲ ಸರಿಪಡಿಸಿದ ಮೇಲೆ ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ಹಾಕು), ಆಮೇಲೆ ‘ರಿಜೆಕ್ಟ್’ (ತಿರಸ್ಕರಿಸು). ಮೊದಲ ದಿನವೇ ರಿಜೆಕ್ಟ್ ಹಾಕಿದರೆ ತಮ್ಮ ಬಿಲ್ಲುಗಳೇ ತಲುಪುವುದಿಲ್ಲ.

2024ರ ಫೆಬ್ರವರಿಯಿಂದ, ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಜಿಮೇಲ್‌ಗೆ ಕಳಿಸುವವರಿಗೆ ಈ ಮೂರೂ ಕಡ್ಡಾಯ. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು.

ಪರೀಕ್ಷೆ ಸುಲಭ. ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ‘ಶೋ ಒರಿಜಿನಲ್’ ತೆರೆಯಿರಿ. ‘ಪಾಸ್’ ಪದಕ್ಕೆ ಮರುಳಾಗದೆ, ಅದರ ಪಕ್ಕದ ಡೊಮೇನ್ ಯಾರದೆಂದು ನೋಡಿ.